ಹಂಚಿನ ಮೇಲಿನ ಪ್ರೇಕ್ಷಕ

ಹಂಚಿನ ಮಾಡಿನ ಮೇಲೆ ನಡೆಯಬಲ್ಲವರು ಕಟಪಾಡಿಯಲ್ಲಿ ಹಲವರಿದ್ದರು. ಹಂಚಿಗೆ ಗೊತ್ತಾಗದ ಹಾಗೆ ನಡೆಯಬಲ್ಲವನು ಸರ್ವೋತ್ತಮನೊಬ್ಬನೇ. ಕಾಪುವಿನಿಂದ ಉದ್ಯಾವರದವರೆಗಿನ ಬೆಕ್ಕುಗಳು ತಮ್ಮ ಮರಿಗಳನ್ನು ಅವನು ಕೆಲಸ ಮಾಡುವ ಮನೆಯಂಗಳಕ್ಕೆ ಕರೆತಂದು ಸಾಲಾಗಿ ಕೂರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದವಂತೆ. ಬೆಕ್ಕಿನ ಮಾತು ಹಾಗಿರಲಿ, ಮೇ ತಿಂಗಳಲ್ಲಿ ಒಡೆದ ಹಂಚು ಬದಲಿಸುವುದಕ್ಕೆ ಜನ ಅವನಿಗಾಗಿ ಕಾಯುತ್ತಿದ್ದದ್ದು ನಿಜ. ಅವನು ಹತ್ತಿ ಇಳಿದ ಮಾಡು ಸೋರುತ್ತಿರಲಿಲ್ಲ. ಬೇರೆಯವರು ಹತ್ತಿ ಇಳಿದ ಮಾಡಿನ ಕೆಳಗೆ ಕೊಡೆ ಹಿಡಿದು ಊಟ ಮಾಡಬೇಕಾಗುತ್ತಿತ್ತು.

ಈ ವಿದ್ಯೆಯೇ ಅವನಿಗೆ ಮುಳುವಾಯಿತು. ಎಂಬತ್ತೈದನೆಯ ಇಸವಿಯ ಸುಮಾರಿಗೆ ಗ್ಲ್ಯಾಡಿಸ್ ಬಾಯಿಯ ಮಗ ಇಮ್ಯಾನುಯೆಲ್ ದುಬಾಯಿಯಿಂದ ರಜೆಯಲ್ಲಿ ಬರುವಾಗ ಒಂದು ಟೀವಿ ತಂದ. ಆ ಓಣಿಗೆಲ್ಲ ಅದೊಂದೇ. ಮಂಗಳೂರಿನ ಟವರಿನಿಂದ ಹೊರಟ ಚಿತ್ರ ಮೂಲ್ಕಿ, ಪಡುಬಿದ್ರಿ ದಾಟಿ ಬರುವಷ್ಟರಲ್ಲಿ ಸುಸ್ತಾಗಿ, ಸ್ವಲ್ಪ ಗಾಳಿ ಬೀಸಿದರೂ ಬಸ್ಸು ತಪ್ಪಿದವರ ಹಾಗೆ ಎಲ್ಲೋ ನಿಂತುಬಿಡುತ್ತಿತ್ತು. ಆಗ ಪರದೆಯ ಮೇಲೆ ಅಂಗಳದಲ್ಲಿ ಅಕ್ಕಿ ಹರಡಿದ ಹಾಗೆ ಬರೀ ಕಾಳು. ಒಂದು ಭಾನುವಾರ ಸರ್ವೋತ್ತಮ ಅದೇ ಮನೆಯ ಮಾಡಿನ ಮೇಲೆ ಹಂಚು ಬದಲಿಸುತ್ತಿದ್ದ. ಒಳಗಿನಿಂದ ಗ್ಲ್ಯಾಡಿಸ್ ಬಾಯಿ ಕೂಗಿದರು.

"ಸರ್ವೋತ್ತಮ, ಆ ಆಂಟೆನಾದ ಬಿದಿರನ್ನು ಸ್ವಲ್ಪ ಪಡುವಣಕ್ಕೆ ತಿರುಗಿಸು ನೋಡುವಾ."

ತಿರುಗಿಸಿದ. "ಬಂತಾ ಬಾಯಮ್ಮ?"

"ಬಂತು, ಬಂತು. ಕೈ ಬಿಡಬೇಡ."

ಆ 'ಕೈ ಬಿಡಬೇಡ' ಎರಡು ವರ್ಷ ನಡೆಯಿತು. ಯಾಕೆಂದರೆ ಅವನು ಹಿಡಿದರೆ ಚಿತ್ರ, ಬಿಟ್ಟರೆ ಅಕ್ಕಿ. ಕಲ್ಲು ಕಟ್ಟಿ ನೋಡಿದರು, ತಂತಿ ಬಿಗಿದು ನೋಡಿದರು. ಆಂಟೆನಾಕ್ಕೆ ಅವನ ಕೈಯ ರುಚಿ ಹತ್ತಿತ್ತು. ಒಮ್ಮೆ ಅವನಿಗೆ ಜ್ವರ ಬಂದಾಗ ಗ್ಲ್ಯಾಡಿಸ್ ಬಾಯಿಯ ಮೈದುನ ಆಲ್ಫೋನ್ಸ್, ಬಸ್ ಏಜೆಂಟ್ ಕೆಲಸದಿಂದ ನಿವೃತ್ತರಾದವರು, ಧೈರ್ಯ ಮಾಡಿ ಹತ್ತಿದರು. ಚಿತ್ರವೇನೋ ಬಂತು, ಅದರ ಹಿಂದೆಯೇ ಆಲ್ಫೋನ್ಸರ ಎಡಗಾಲೂ ಮಾಡು ತೂರಿ ಟೀವಿಯ ಮುಂದೆ ಬಂದು ನೇತಾಡಿತು. ಕೂತವರು ಅದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದು ಬಹಳ ಹೊತ್ತು ನಕ್ಕರು. ಆಮೇಲೆ ಯಾರೂ ಹತ್ತುವ ಮಾತೆತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಜನ ಮನೆಗೆ ಬರುವ ಹೊತ್ತಿಗೆ 'ಬಾಬೂಜಿ–ಪಹಲ್ವಾನ್' ಎಂಬ ಹಾಸ್ಯ ಶುರುವಾಗುತ್ತಿತ್ತು. ಇಬ್ಬರೇ ನಟರು, ಹಿಂದಿ ಮಾತು. ಬಾಬೂಜಿ ಒಬ್ಬ ಗುಮಾಸ್ತ, ಪಹಲ್ವಾನ್ ಎಂಬವನು ಪ್ರತಿ ವಾರ ಏನಾದರೊಂದು ಕೆಲಸ ಮಾಡಿಸಿಕೊಳ್ಳಲು ಅವನ ಕಚೇರಿಗೆ ಬರುವವನು. ಬೊಂಬಾಯಿಯಲ್ಲಿ ಇದ್ದು ಬಂದವರಿಗೆ ಮಾತು ತಿಳಿಯುತ್ತಿತ್ತು, ಉಳಿದವರು ಅವರನ್ನು ನೋಡಿ ನಗುತ್ತಿದ್ದರು. ಓಣಿಯ ಹುಚ್ಚು ಎಷ್ಟಿತ್ತೆಂದರೆ ಆ ಹೊತ್ತಿನಲ್ಲಿ ಮೀನಿನವಳು ಕೂಗುತ್ತಾ ಬಂದರೆ, ಬಂಗುಡೆಯನ್ನು ಬುಟ್ಟಿಯಲ್ಲೇ ಬಿಟ್ಟು ಅವಳನ್ನು ಒಳಗೆ ಕೂರಿಸುತ್ತಿದ್ದರು. ಕಾಗೆಗಳಿಗೆ ಭಾನುವಾರ ಹಬ್ಬ.

ಸರ್ವೋತ್ತಮನ ಹೆಂಡತಿ ಗುಣವತಿಯೂ ಒಳಗೆ ಚಾಪೆಯ ಮೇಲೆ ಕೂತು ನೋಡುತ್ತಿದ್ದಳು. ಅವನು ಮೇಲೆ, ಕಾದ ಹಂಚಿನ ಮೇಲೆ ಒದ್ದೆ ಗೋಣಿ ಹಾಕಿ ಕೂತು ಬಿದಿರು ಹಿಡಿಯುತ್ತಿದ್ದ. ಅವನಿಗೆ ಸಿಗುತ್ತಿದ್ದದ್ದು ಹಂಚಿನ ಸಂದಿಯಿಂದ ಬರುವ ಎರಡು ಸ್ವರ, ಅದರ ಮೇಲೆ ನಗು. ಒಂದು ಸ್ವರ ಕೀರಲು, ಇನ್ನೊಂದು ಗಡಿಗೆಯೊಳಗಿನ ಗುಡುಗು. ಗುಡುಗಿನವ ಪಹಲ್ವಾನ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಏಳಡಿ ಎತ್ತರ, ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಬರುವವ, ಅಂಗೈಯಲ್ಲಿ ತೆಂಗಿನಕಾಯಿ ಒಡೆಯುವವ. ಬಾಬೂಜಿ ಒಣಗಿದ ನುಗ್ಗೆಕಾಯಿ. ಹೀಗೆ ಇಬ್ಬರನ್ನೂ ಅವನು ಮಾಡಿನ ಮೇಲೆ ಕೂತೇ ಕಟ್ಟಿಕೊಂಡಿದ್ದ.

ನಗುಗಳನ್ನೂ ಹೀಗೆಯೇ ಹಂಚಿಕೊಟ್ಟಿದ್ದ. ಕುದಿಯುವ ಪಾತ್ರೆಯ ಮುಚ್ಚಳ ಕುಣಿದ ಹಾಗೆ ಬರುವುದು ಗ್ಲ್ಯಾಡಿಸ್ ಬಾಯಿಯದು. ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ ಎಳೆದೆಳೆದು ಏರಿ, ತುದಿಯಲ್ಲಿ ಮೂಗಿನಿಂದ 'ಗೊರ್ರ್' ಎಂದು ಕೆಳಗೆ ಬೀಳುವುದು ಆಲ್ಫೋನ್ಸರದು. ಅದು ಬಂದಾಗ ಕೂತ ಹಂಚು ನಡುಗುತ್ತಿತ್ತು, ತೆಂಗಿನ ಮರದ ಕಾಗೆ ಹಾರುತ್ತಿತ್ತು.

"ಇವತ್ತು ಆಲ್ಫೋನ್ಸ್ ಪೊರ್ಬುಗಳು ನಕ್ಕದ್ದಕ್ಕೆ ಎರಡು ಹಂಚು ಜಾರುವುದರಲ್ಲಿತ್ತು ಮಾರಾಯ್ತಿ," ಎಂದು ಮಧ್ಯಾಹ್ನದ ಊಟದಲ್ಲಿ ಅವನು ಹೇಳುವುದಿತ್ತು; ಕ್ರೈಸ್ತ ಹಿರಿಯರು ಊರಿಗೆಲ್ಲ ಪೊರ್ಬುಗಳೇ.

"ಪಾಪ, ಅವರಿಗೆ ಶೀತ," ಎನ್ನುತ್ತಿದ್ದಳು ಗುಣವತಿ, ಸಾರು ಬಡಿಸುತ್ತಾ.

ಹೀಗಿರುವಾಗ ಕಟಪಾಡಿಯ ಜಂಕ್ಷನ್ನಿನಲ್ಲಿ ಬರೀ ಅಕ್ಷರಗಳ ಒಂದು ಪೋಸ್ಟರು ಬಿತ್ತು. ಬಾಬೂಜಿ–ಪಹಲ್ವಾನ್ ಜೋಡಿ ಊರೂರು ಸುತ್ತುತ್ತಾ ಉಡುಪಿಗೂ ಬರುತ್ತದೆ, ಭಾನುವಾರ ಸಂಜೆ ಮೈದಾನದಲ್ಲಿ ಚಪ್ಪರ ಹಾಕಿ ಪ್ರದರ್ಶನ. ಓಣಿಗೆ ಓಣಿಯೇ ಹೊರಟಿತು. ಸರ್ವೋತ್ತಮ ಗ್ಲ್ಯಾಡಿಸ್ ಬಾಯಿಯ ಜಗಲಿಗೆ ಹೋಗಿ ನಿಂತ.

"ಬಾಯಮ್ಮ, ನಾನೂ ಬರ್ತೇನೆ."

"ನೀನಾ? ಅಲ್ಲಿ ಆಂಟೆನಾ ಇಲ್ಲ ಮಾರಾಯ."

"ಅದಕ್ಕೇ ಬರುವುದು."

ಗ್ಲ್ಯಾಡಿಸ್ ಬಾಯಿ ಅವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ಹೌದಲ್ವಾ. ನೀನು ಒಂದು ಸಲವೂ ನೋಡಿಲ್ಲ ಅಲ್ವಾ?"

"ಇಲ್ಲ. ಒಂದು ಸಲ ಕಣ್ಣಲ್ಲಿ ನೋಡಬೇಕು. ಮತ್ತೆ ಬೇಕಾದರೆ ಜೀವಮಾನ ಹಿಡಿದು ಕೂತುಕೊಳ್ತೇನೆ."

ಹಾಗೆ ಆ ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನು ಬಸ್ಸು ಹತ್ತಿದ. ಉಡುಪಿಯ ಮೈದಾನದಲ್ಲಿ ಎಷ್ಟು ಜನವೆಂದರೆ, ಚಪ್ಪಲಿ ಬಿಚ್ಚಿದವರಿಗೆ ಮತ್ತೆ ಕಾಲಿಡಲು ನೆಲ ಸಿಗಲಿಲ್ಲ. ಕೂತ ಸ್ವಲ್ಪ ಹೊತ್ತಿನಲ್ಲಿ ಚಪ್ಪರದ ಮೇಲಿನ ತಗಡೊಂದು ಗಾಳಿಗೆ ಬಡಿದುಕೊಳ್ಳಲು ಶುರುಮಾಡಿತು. ವ್ಯವಸ್ಥೆಯವರಲ್ಲಿ ಒಬ್ಬನಾದ ಬೆಂಜಮಿನ್, ಹಿಂದೊಮ್ಮೆ ತನ್ನ ಮನೆಯ ಹಂಚು ಹೊದಿಸಿದವನನ್ನು ಗುಂಪಿನಲ್ಲಿ ಕಂಡು ಓಡಿಬಂದ.

"ಸರ್ವೋತ್ತಮ, ದೇವರ ಹಾಗೆ ಸಿಕ್ಕಿದೆ. ಸ್ವಲ್ಪ ಮೇಲೆ ಹತ್ತಿ ಆ ತಗಡು ಹಿಡಿದುಕೊಳ್ತೀಯಾ? ಆಟ ಮುಗಿಯುವವರೆಗೆ ಸಾಕು."

"ಆಗುವುದಿಲ್ಲ."

"ಎಂತ ಆಗುವುದಿಲ್ಲ? ನಿನಗೆ ಎಂತ, ನೀರು ಕುಡಿದ ಹಾಗೆ."

"ಇವತ್ತು ನಾನು ಕೆಳಗಿನವ," ಎಂದ ಸರ್ವೋತ್ತಮ. ಜೀವನದಲ್ಲಿ ಅವನು ಮಾಡು ಹತ್ತಲು ಒಪ್ಪದೆ ಇದ್ದದ್ದು ಅದೇ ಮೊದಲು. ತಗಡು ಕೊನೆಯವರೆಗೂ ಬಡಿದುಕೊಂಡೇ ಇತ್ತು.

ಪರದೆ ಸರಿಯಿತು. ಮೇಜಿನ ಹಿಂದೆ ಒಬ್ಬ ಭಾರೀ ಆಳು ಕೂತಿದ್ದ. ಅವನ ಕೆಳಗೆ ಕುರ್ಚಿ ಇದೆಯೆಂದು ನಂಬಿಕೆಯಿಂದ ತಿಳಿಯಬೇಕು, ಕಾಣುತ್ತಿರಲಿಲ್ಲ. ಸರ್ವೋತ್ತಮನಿಗೆ ಸಮಾಧಾನವಾಯಿತು. ಏಳಡಿ ಇಲ್ಲದಿದ್ದರೂ ಆರೂವರೆಗೆ ಮೋಸವಿಲ್ಲ. ಆಗ ಆ ಆಳು ಬಾಯಿ ತೆರೆದ. ಕೀರಲು ಸ್ವರ ಹೊರಗೆ ಬಂತು. ಜನ ಸಿಳ್ಳು ಹಾಕಿದರು.

ಒಳಗಿನಿಂದ ಗುಡುಗು ಕೇಳಿತು. ಅದೇ ಗುಡುಗು, ಹಂಚಿನ ಸಂದಿಯಲ್ಲಿ ಬರುತ್ತಿದ್ದದ್ದು. ಸರ್ವೋತ್ತಮ ಕತ್ತು ಉದ್ದ ಮಾಡಿದ. ಬದಿಯಿಂದ ಮೇಜಿನ ಎತ್ತರದ ಒಬ್ಬ ಮನುಷ್ಯ, ಹೆಗಲ ಮೇಲೆ ಬೈರಾಸು ಹಾಕಿಕೊಂಡು, ತೊಡೆ ತಟ್ಟುತ್ತಾ ಬಂದ. ಮೈದಾನ ನಗೆಯಲ್ಲಿ ಮುಳುಗಿತು.

"ಪಹಲ್ವಾನ ಯಾವಾಗ ಬರುವುದು?" ಎಂದು ಅವನು ಎಡಗಡೆ ಕೂತ ಆಲ್ಫೋನ್ಸರನ್ನು ಕೇಳಿದ.

"ಬಂದನಲ್ಲ."

"ಎಲ್ಲಿ?"

"ಅದೇ, ಅವನು."

"ಅವನು ಪಹಲ್ವಾನನ ಮಗನಾ?"

"ಅವನೇ ಪಹಲ್ವಾನ ಮಾರಾಯ. ಅಷ್ಟು ಸಣ್ಣವ ಪಹಲ್ವಾನ, ಅವನಿಗೆ ಹೆದರುವ ಬಾಬೂಜಿ ಆನೆಯಷ್ಟು. ಅದೇ ಅಲ್ವಾ ತಮಾಷೆ?"

"ಎರಡು ವರ್ಷ ಯಾರೂ ನನಗೆ ಹೇಳಲೇ ಇಲ್ಲ."

"ಹೇಳುವುದು ಎಂತ? ಕಾಣುತ್ತದಲ್ಲ."

ಸರ್ವೋತ್ತಮ ಸ್ವಲ್ಪ ಹೊತ್ತು ಆ ಇಬ್ಬರನ್ನು ಅನುಮಾನದಿಂದ ನೋಡಿದ. ಸ್ವರಗಳು ತಪ್ಪು ಬಾಯಿಗಳಿಂದ ಬರುತ್ತಿದ್ದವು. ಯಾರದೋ ಅಂಗಿ ಯಾರಿಗೋ ಹಾಕಿದ ಹಾಗೆ. ಅವನ ಪಹಲ್ವಾನ ಈ ಇಬ್ಬರನ್ನೂ ಒಂದೊಂದು ಕಂಕುಳಲ್ಲಿ ಇಟ್ಟುಕೊಂಡು ಕಾರ್ಕಳದ ಬಂಡೆ ಹತ್ತುವಂಥವ. ಇವನನ್ನು ಒಪ್ಪಿಕೊಂಡರೆ ಅವನನ್ನು ಮನೆಗೆ ಕಳಿಸಬೇಕು. ಮನಸ್ಸಾಗದೆ ಅವನು ವೇದಿಕೆ ಬಿಟ್ಟು ಜನರ ಮುಖ ನೋಡಲು ಶುರುಮಾಡಿದ.

ಗ್ಲ್ಯಾಡಿಸ್ ಬಾಯಿಯ ಮುಚ್ಚಳ ಸರಿಯಾಗಿ ಗ್ಲ್ಯಾಡಿಸ್ ಬಾಯಿಯ ಮೇಲೆಯೇ ಕುಣಿಯುತ್ತಿತ್ತು. ಒಂದಾದರೂ ಲೆಕ್ಕ ಸರಿಬಂತಲ್ಲ ಎಂದುಕೊಂಡ. ಆಲ್ಫೋನ್ಸರ ಕಡೆ ತಿರುಗಿ ರಾಟೆಗಾಗಿ ಕಾದ. ಆಲ್ಫೋನ್ಸ್ ನಗುತ್ತಿದ್ದರು; ಆದರೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸಿದ ಬಸ್ಸಿನ ಹಾಗೆ ಮೈಯಿಡೀ ಅಲುಗಾಡುತ್ತಿತ್ತೇ ಹೊರತು ಬಾಯಿಂದ ಒಂದು ಸದ್ದಿಲ್ಲ. ಆಗ ರಾಟೆ ತಿರುಗಿತು. ಎಳೆದೆಳೆದು ಏರಿತು, ತುದಿ ಮುಟ್ಟಿತು, 'ಗೊರ್ರ್' ಎಂದು ಬಿತ್ತು. ಸದ್ದು ಬಂದದ್ದು ಅವನ ಬಲಗಡೆಯಿಂದ.

ಬಲಗಡೆ ಗುಣವತಿ ಇದ್ದಳು. ತಲೆ ಹಿಂದಕ್ಕೆ ಹೋಗಿತ್ತು, ತುರುಬು ಬಿಚ್ಚಿತ್ತು, ಅಂಗೈಯಿಂದ ತನ್ನ ಮೊಣಕಾಲಿಗೂ ಮುಂದಿನ ಕುರ್ಚಿಯವರ ಬೆನ್ನಿಗೂ ಭೇದವಿಲ್ಲದೆ ಬಡಿಯುತ್ತಿದ್ದಳು. ಮಕ್ಕಳು ಎದೆಯೆತ್ತರ ಬೆಳೆದಿದ್ದರೂ ಹೆಂಡತಿಯ ಬಾಯಲ್ಲಿ ಅಷ್ಟು ಹಲ್ಲುಗಳಿವೆ ಎಂಬುದು ಸರ್ವೋತ್ತಮನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ನಕ್ಕರೆ ಸೆರಗು ಬಾಯಿಗೆ ಹೋಗುತ್ತಿತ್ತು, ಭುಜ ಒಂದು ಸಲ ಅಲುಗುತ್ತಿತ್ತು, ಅಷ್ಟೇ. ಅವನು ಬಾಯಿ ತೆರೆದು ನೋಡುತ್ತಿರುವಾಗ ಅವಳ ಕಣ್ಣು ಅವನ ಮೇಲೆ ಬಿತ್ತು. ರಾಟೆ ನಿಂತಿತು. ಸೆರಗು ಬಾಯಿಗೆ ಹೋಯಿತು.

ಅವನು ತಟ್ಟನೆ ವೇದಿಕೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ರಾಟೆ ಮತ್ತೆ ಮೆಲ್ಲಗೆ ಶುರುವಾಯಿತು. ಪರೀಕ್ಷೆಗೆಂದು ಕತ್ತನ್ನು ಒಂದು ಅಂಗುಲ ಬಲಕ್ಕೆ ತಂದ. ನಿಂತಿತು. ಎಡಕ್ಕೆ ಒಯ್ದ. ಬಂತು. ಇಂಥ ಕೆಲಸ ಅವನಿಗೆ ಹೊಸತಲ್ಲ. ಕತ್ತನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಆಟ ಮುಗಿಯುವವರೆಗೂ ಅಲ್ಲಾಡದೆ ಕೂತ. ಎದುರಿಗೆ ಬಾಬೂಜಿ ಪಹಲ್ವಾನರು ಏನು ಮಾಡಿದರೆಂದು ಇವತ್ತು ಕೇಳಿದರೂ ಅವನಿಗೆ ಹೇಳಲಾಗದು.

ಆಟದ ನಂತರ ಬೆಂಜಮಿನ್, ತಗಡಿನ ಸಿಟ್ಟು ಮರೆತು, ಅವರನ್ನೆಲ್ಲ ವೇದಿಕೆಯ ಹಿಂದೆ ಕರೆದೊಯ್ದ. ಸಣ್ಣ ಪಹಲ್ವಾನ ಬೆವರು ಒರೆಸುತ್ತಾ ಸರ್ವೋತ್ತಮನನ್ನೇ ನೋಡಿ ಹಿಂದಿಯಲ್ಲಿ ಏನೋ ಕೇಳಿದ.

"ಹೇಗಾಯಿತು ಅಂತ ಕೇಳ್ತಾನೆ," ಎಂದರು ಗ್ಲ್ಯಾಡಿಸ್ ಬಾಯಿ.

"ಅಡ್ಡಿಯಿಲ್ಲ ಅನ್ನಿ. ಟೀವಿಯಲ್ಲಿ ಇದಕ್ಕಿಂತ ಲಾಯ್ಕ್ ಇತ್ತು."

ಗ್ಲ್ಯಾಡಿಸ್ ಬಾಯಿ ಅದನ್ನು 'ಬಹುತ್ ಅಚ್ಛಾ' ಎಂದು ತರ್ಜುಮೆ ಮಾಡಿದರು.

ವಾಪಸು ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಉದ್ಯಾವರದ ಸೇತುವೆ ದಾಟಿತು.

"ಅದು ನಿನ್ನದಾ?" ಎಂದ ಅವನು.

"ಎಂತದು?"

"ಆ ನಗು."

"ಆಲ್ಫೋನ್ಸ್ ಪೊರ್ಬುಗಳದ್ದು ಅಂತ ನೀವೇ ಹೇಳಿದ್ದಲ್ಲ ಮಾರಾಯ್ರೆ."

"ಮತ್ತೆ ಮನೆಯಲ್ಲಿ ಯಾಕೆ ಇಲ್ಲ?"

ಗುಣವತಿ ಯೋಚಿಸಿದಳು. ಕೋಪದಿಂದೇನೂ ಅಲ್ಲ, ಉಪ್ಪು ಉಂಟಾ ಇಲ್ಲವಾ ಎಂದು ಡಬ್ಬ ನೋಡಿ ಹೇಳುವವರ ಹಾಗೆ ಹೇಳಿದಳು. "ಮನೆಯಲ್ಲಿ ನಗುವಂಥದ್ದು ಎಂತ ಉಂಟು?"

ಕಟಪಾಡಿ ಬಂತು, ಇಳಿದರು.

ಮುಂದಿನ ತಿಂಗಳು ಇಮ್ಯಾನುಯೆಲ್ ರಜೆಯಲ್ಲಿ ಬಂದ. ಬಿದಿರು ಕಿತ್ತು ಕಬ್ಬಿಣದ ಪೈಪು ನಿಲ್ಲಿಸಿ, ಬುಡಕ್ಕೆ ಸಿಮೆಂಟು ಹಾಕಿಸಿ, ದುಬಾಯಿಯಿಂದ ತಂದ ಬೂಸ್ಟರ್ ಪೆಟ್ಟಿಗೆ ಜೋಡಿಸಿದ. ಚಿತ್ರ ಯಾರೂ ಹಿಡಿಯದೆ ತಾನಾಗಿಯೇ ನಿಂತಿತು. ಗ್ಲ್ಯಾಡಿಸ್ ಬಾಯಿ ಸರ್ವೋತ್ತಮನಿಗೆ ಚಾಪೆಯಲ್ಲ, ಕೈಯಿರುವ ಕುರ್ಚಿಯನ್ನೇ ಹಾಕಿಸಿದರು. ಆ ಭಾನುವಾರ ಅವನು ಎಲ್ಲರಿಗಿಂತ ಮುಂದೆ, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಎರಡು ವರ್ಷ ಬಯಸಿದ್ದನ್ನು ಕಣ್ತುಂಬ ನೋಡಿದ. ಮುಚ್ಚಳ ಕುಣಿಯಿತು, ಬಸ್ಸು ಅಲುಗಿತು. ರಾಟೆ ಮಾತ್ರ ತಿರುಗಲಿಲ್ಲ. ಕಡೆಗಣ್ಣಿನಲ್ಲಿ ನೋಡಿದರೆ ಗುಣವತಿ ಸೆರಗು ಕಚ್ಚಿಕೊಂಡು ಕೂತಿದ್ದಳು. ಕತ್ತು ಎತ್ತ ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಕೋಣೆ ಸಣ್ಣದು, ಗಂಡ ದೊಡ್ಡವ.

ಅದರ ಮುಂದಿನ ಭಾನುವಾರ ಆಟ ಶುರುವಾಗುವ ಮೊದಲು ಅವನು ಎದ್ದು ನಿಂತ.

"ಪೈಪು ಗಾಳಿಗೆ ಸ್ವಲ್ಪ ತಿರುಗಿದ ಹಾಗೆ ಉಂಟು ಬಾಯಮ್ಮ. ಒಮ್ಮೆ ನೋಡ್ತೇನೆ."

"ಚಿತ್ರ ಕನ್ನಡಿಯ ಹಾಗೆ ಉಂಟಲ್ಲ ಮಾರಾಯ."

"ಈಗ ಉಂಟು. ಮತ್ತೆ ಹೋದರೆ?"

ಮೇಲೆ ಹೋಗಿ ಪೈಪಿನ ಬದಿಯಲ್ಲಿ ಕೂತು ಬೀಡಿ ಹಚ್ಚಿದ. ಪೈಪನ್ನು ಮುಟ್ಟಲಿಲ್ಲ. ಮುಟ್ಟುವುದಕ್ಕೆ ಏನೂ ಇರಲಿಲ್ಲ. ಕೆಳಗೆ ಗುಡುಗು ಗುಡುಗಿತು, ಕೀರಲು ಕೀರಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ರಾಟೆ ಬುಡದಿಂದ ಮೆಲ್ಲಗೆ ಹೊರಟು, ಏರಿ, ಏರಿ, ಇಡೀ ಮಾಡನ್ನು ಒಮ್ಮೆ ಎತ್ತಿ ಮತ್ತೆ ಗೋಡೆಯ ಮೇಲೆ ಇಟ್ಟಿತು. ಹಂಚು ಒಂದೂ ಜಾರಲಿಲ್ಲ, ಅವನು ಹೊದಿಸಿದ್ದಲ್ಲವೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಗುಣವತಿ ಅವನ ಬಟ್ಟಲಿಗೆ ಬಂಗುಡೆ ಹಾಕುತ್ತಾ ಹೇಳಿದಳು.

"ಆ ಪೈಪಿಗೆ ಆನೆ ಕಟ್ಟಿದರೂ ಅಲ್ಲಾಡುವುದಿಲ್ಲ ಅಂತೆ. ಇಮ್ಯಾನುಯೆಲ್ ಹೇಳಿದ."

"ಅವನು ದುಬಾಯಿಯವ. ಇಲ್ಲಿಯ ಗಾಳಿ ಅವನಿಗೆ ಎಂತ ಗೊತ್ತು?"

ಅವಳು ಅವನನ್ನು ನೋಡಿದಳು. ಬಂಗುಡೆ ಇನ್ನೊಂದು ಹಾಕಿದಳು.

"ಮುಂದಿನ ವಾರವೂ ಗಾಳಿ ಉಂಟಾ?"

"ಉಂಟು," ಎಂದ ಸರ್ವೋತ್ತಮ, ಮುಳ್ಳು ಬಿಡಿಸುತ್ತಾ. "ಮಳೆಗಾಲದವರೆಗೂ ಉಂಟು."