ಕದ್ದ ಹೆಪ್ಪು

ಅಣ್ಣ ಚಂದ್ರಹಾಸ ಮಗಳ ಮದುವೆ ಊಟಕ್ಕೆ ಪ್ಯಾಕೆಟ್ ಮೊಸರು ತರಿಸಿದ್ದನ್ನು ಭೀಮೇಶ್ ಇವತ್ತಿಗೂ ಮರೆತಿಲ್ಲ. ಒಡಹುಟ್ಟಿದ ತಮ್ಮ ಶಿವಮೊಗ್ಗದ ವಿನೋಬನಗರದಲ್ಲಿ ಮೊಸರಿನ ಅಂಗಡಿ ಇಟ್ಟುಕೊಂಡು ಕೂತಿರುವಾಗ, ಬೀಗರ ಎಲೆಗೆ ಪ್ಲಾಸ್ಟಿಕ್ ಚೀಲದ ಮೂತಿ ಕತ್ತರಿಸಿ ಸುರಿದರು. ಅನ್ನ ಕಲಸಿದ್ದ ಭೀಮೇಶ್ ಅಲ್ಲೇ ಎದ್ದು ಕೈ ತೊಳೆದುಕೊಂಡ. ಆಮೇಲೆ ಭದ್ರಾವತಿಯ ಅಣ್ಣನ ಮನೆಯ ಹೊಸಿಲು ತುಳಿದಿಲ್ಲ.

ಸಿಟ್ಟು ಅವನಿಗೆ ಹುಟ್ಟಿನಿಂದ ಬಂದದ್ದು. ಏಳನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಶಾಲೆ ಬಿಟ್ಟ. ಸೈಕಲ್ಲಿಗೆ ಕ್ಯಾನು ಕಟ್ಟಿ ಹಾಲು ಹಾಕುತ್ತ, ಹಾಲಿಗೆ ನೀರು ಬೆರೆಸಿದ್ದೀಯ ಎಂದವರ ಮೇಲೆಲ್ಲ ಹರಿಹಾಯುತ್ತ, ಕೊನೆಗೆ ಮೊಸರಿಗೆ ಬಂದು ನಿಂತ. ಬಂಡವಾಳ ಎಂದರೆ ಅವ್ವ ಈಶ್ವರಮ್ಮ ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಿಂದ ಕೊಟ್ಟು ಕಳಿಸಿದ ಒಂದು ಲೋಟ ಹೆಪ್ಪು. ಆ ಮೊಸರು ತುಸು ತೆಳು, ಆದರೆ ಹದವಾದ ಹುಳಿ, ಮುಚ್ಚಳ ತೆಗೆದರೆ ಘಮ. ಅವ್ವ ಹೋದ ಮೇಲೂ ಅದೇ ಹೆಪ್ಪು ಇವತ್ತಿನ ಮೊಸರಿನಿಂದ ನಾಳೆಯ ಹಾಲಿಗೆ ನಡೆದು ಬಂದಿತ್ತು.

ಹೋದ ಬೇಸಿಗೆಯಲ್ಲಿ ಕೆಣಕಿದವನು ಮೆಸ್ಸಿನ ಶಿವಕುಮಾರ್. ಅಂಗಡಿಯ ಅರ್ಧ ಮೊಸರು ಅವನಿಗೇ ಹೋಗುತ್ತಿತ್ತು.

“ನಿನ್ನ ಮೊಸರು ಎಲೆ ಮೇಲೆ ನಿಲ್ಲಲ್ಲ ಮಾರಾಯ, ಓಡುತ್ತೆ. ಪ್ಯಾಕೆಟ್ಟಿಂದು ನೋಡು, ಚಾಕು ಹಾಕಿ ಕೊಯ್ಯಬಹುದು.”

“ಕೊಯ್ದು ತಿನ್ನೋಕೆ ಅದೇನು ಹಲಸಿನಹಣ್ಣಾ?” ಎಂದು ಭೀಮೇಶ್ ರೇಗಿದ. ರೇಗಿದ್ದೇನೋ ಸರಿ, ಆ ಮಾತು ಮಾತ್ರ ಒಳಗೆ ಕೊರೆಯತೊಡಗಿತು. ಯಾರಿಗೂ ಹೇಳದೆ ಒಂದು ಪ್ಯಾಕೆಟ್ ತಂದು, ಒಂದು ಸೌಟು ತೆಗೆದು ಅವ್ವನ ಹೆಪ್ಪಿಗೆ ಕಲಸಿಬಿಟ್ಟ. ಅದರ ಗಟ್ಟಿತನ, ಇದರ ರುಚಿ, ಎರಡೂ ಸಿಗಲಿ ಎಂಬ ಆಸೆ.

ಶುರುವಿನಲ್ಲಿ ಮೊಸರು ಗಟ್ಟಿಯಾಯಿತು. ವಾರ ಕಳೆಯುವಷ್ಟರಲ್ಲಿ ಸೌಟೆತ್ತಿದರೆ ನೂಲಿನ ಹಾಗೆ ಲೋಳೆ. ಹುಳಿಯಿಲ್ಲ, ಘಮವಿಲ್ಲ. ಭೀಮೇಶ್ ಹಾಲಿನವನನ್ನು ಬೈದ, ಬಿಸಿಲನ್ನು ಬೈದ, ಪಾತ್ರೆ ತೊಳೆದ ಹೆಂಡತಿಯನ್ನೂ ಬಿಡಲಿಲ್ಲ. ಶಿವಕುಮಾರ್ ಪಾತ್ರೆ ಸಮೇತ ಮೊಸರು ವಾಪಸ್ ಕಳಿಸಿದ. “ನಾಳೆ ಮಧ್ಯಾಹ್ನದ ಊಟಕ್ಕೆ ಮೊದಲಿನ ಮೊಸರು ಬಂದ್ರೆ ಸರಿ, ಇಲ್ದಿದ್ರೆ ಬೇರೆ ಕಡೆ ನೋಡ್ಕೋತೀನಿ” ಎಂದು ಫೋನಿಟ್ಟ.

ಮಗಳು ಇಂಪನಾ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆಯೇ ಓದುವವಳು. “ಅಪ್ಪಾ, ಹೆಪ್ಪಿಗೆ ಏನಾದ್ರೂ ಬೆರೆಸಿದ್ಯಾ?” ಎಂದಳು.

ಭೀಮೇಶ್ ಗೋಡೆ ನೋಡಿದ. ಆಮೇಲೆ, “ಒಂದೇ ಸೌಟು ಕಣೇ, ಪ್ಯಾಕೆಟ್ಟಿಂದು” ಎಂದ.

“ಹಾಲಲ್ಲಿ ಸಕ್ಕರೆ ಇರೋದೇ ಇಷ್ಟು. ಅದನ್ನ ತಿನ್ನೋಕೆ ಎರಡು ಜಾತಿ ಜೀವಿ ಬಿಟ್ಟಿದ್ದೀಯ. ಬೇಗ ಬೆಳೆಯೋದು ಮೊದಲೇ ತಿಂದು ಮುಗಿಸುತ್ತೆ. ಮಾರನೇ ದಿನ ಅದೇ ಮೊಸರಿಂದ ಹೆಪ್ಪು ಹಾಕ್ತೀಯ, ಅದರಲ್ಲಿ ಅದರ ಜನಾನೇ ಜಾಸ್ತಿ. ಅಜ್ಜಿದು ಹೊಟ್ಟೆಗಿಲ್ದೆ ಹೋಯ್ತು.”

“ಒಂದು ಸೌಟಿಗೆ ಇಷ್ಟೆಲ್ಲಾನಾ?”

“ಬಸ್ಸಿನ ಕಿಟಕೀಲಿ ಟವೆಲ್ ಹಾಕೋನು ಒಬ್ಬನೇ ಅಲ್ವಾ ಅಪ್ಪಾ? ಆಮೇಲೆ ನೋಡಿದ್ರೆ ಸೀಟೆಲ್ಲ ಅವನ ಮನೆಯವರದ್ದೇ.” ಅವಳು ಪಾತ್ರೆಗಳಿಗೆ ಕುದಿಯುವ ನೀರು ಸುರಿಯಲು ಎದ್ದಳು. “ಅಜ್ಜಿ ಹೆಪ್ಪು ಎಲ್ಲಾದ್ರೂ ಉಳಿದಿದ್ರೆ ತಗೊಂಡು ಬಾ.”

ಉಳಿದಿದ್ದದ್ದು ಒಂದೇ ಕಡೆ, ನ್ಯೂ ಟೌನಿನಲ್ಲಿ ಅಣ್ಣನ ಪಕ್ಕದ ಮನೆಯ ಚೌಡಮ್ಮನ ಹತ್ತಿರ. ಅವಳು ಮದುವೆಯಾಗಿ ಅಲ್ಲಿಗೆ ಬಂದಾಗ ಅವ್ವನೇ ಕೊಟ್ಟದ್ದು. ಭೀಮೇಶ್ ಬಸ್ಸು ಹತ್ತಿದ. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಂತಿತು. ಇಳಿದಾಗ ಮನೆಮನೆಯಲ್ಲಿ ದೀಪ ಹಚ್ಚಿಯಾಗಿತ್ತು.

ಜಗಲಿಯಲ್ಲಿ ಕೂತಿದ್ದ ಚಂದ್ರಹಾಸ ತಮ್ಮನ ಕೈಯಲ್ಲಿದ್ದ ಡಬ್ಬಿ ನೋಡಿದ. “ಏನೋ, ದಾರಿ ತಪ್ಪಿ ಬಂದ್ಯಾ? ಮೊಸರು ಬೇಕಾದ್ರೆ ಫ್ರಿಜ್ಜಲ್ಲಿ ಪ್ಯಾಕೆಟ್ ಇದೆ.”

ಭೀಮೇಶ್ ಹಲ್ಲು ಕಡಿದುಕೊಂಡು ಮುಂದೆ ಹೋದ.

ಚೌಡಮ್ಮ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು. “ದೀಪ ಹಚ್ಚಿದ ಮೇಲೆ ಹೆಪ್ಪು ಕೊಡ್ತಾರೇನೋ? ಹಿಂದೇನೇ ಲಕ್ಷ್ಮಿ ಹೊರಟುಹೋಗ್ತಾಳೆ. ಬೆಳಿಗ್ಗೆ ಬಾ.”

“ಬೆಳಿಗ್ಗೆ ಹಾಕಿದ್ರೆ ಊಟದ ಹೊತ್ತಿಗೆ ಹೆಪ್ಪಾಗುತ್ತಾ ಚೌಡಕ್ಕ? ನನ್ನ ಅನ್ನ ಹೋಗುತ್ತೆ.”

“ನಿನ್ನ ಅನ್ನಕ್ಕೆ ನನ್ನ ಲಕ್ಷ್ಮೀನ ಕಳಿಸ್ಲಾ?”

“ಒಂದು ಚಮಚ ಮೊಸರಿನ ಹಿಂದೆ ಓಡಿಹೋಗೋ ಲಕ್ಷ್ಮಿ, ಇಷ್ಟು ವರ್ಷ ನಿಮ್ಮನೇಲಿ ಹೆಂಗಿದ್ಲು?”

ಚೌಡಮ್ಮನಿಗೆ ನಗು ಬಂತು. ಆದರೂ ಕೊಡಲಿಲ್ಲ. ಹೋಗಿ ಅಡುಗೆಮನೆಗೆ ಬೆನ್ನು ಹಾಕಿ ಟಿವಿ ಮುಂದೆ ಕೂತಳು. “ನಾನಂತೂ ಕೊಡಲ್ಲಪ್ಪ. ಒಲೆ ಪಕ್ಕದ ಗೂಡಲ್ಲಿದೆ. ಕಳ್ಳರು ಬಂದ್ರೂ ನಂಗೆ ಕಾಣಲ್ಲ, ಧಾರಾವಾಹಿ ನಡೀತಿದೆ.”

ಐವತ್ತು ದಾಟಿದ ಗಂಡಸು ಚಪ್ಪಲಿ ಬಿಟ್ಟು, ಸದ್ದಾಗದಂತೆ ಒಳಗೆ ಹೋಗಿ ಹೆಪ್ಪು ಕದ್ದ.

ಮಾರನೇ ದಿನ ಮೆಸ್ಸಿಗೆ ಮೊದಲಿನ ಮೊಸರೇ ಹೋಯಿತು. ಶಿವಕುಮಾರ್ ಬೆರಳು ನೆಕ್ಕಿದ. “ಅದೇ ರುಚಿ. ಆದ್ರೂ ಸ್ವಲ್ಪ ಓಡುತ್ತೆ.”

“ಎಲೆಗೆ ಕಟ್ಟೆ ಕಟ್ಕೊಂಡು ತಿನ್ನು” ಎಂದ ಭೀಮೇಶ್.

ಆ ವಾರವೇ ತುಂಬಿದ ಡಬ್ಬಿ ಹಿಡಿದು ಚೌಡಮ್ಮನ ಮನೆಗೆ ಹೋದ. ಅವಳು ಕೈ ಹಿಂದೆ ಕಟ್ಟಿಕೊಂಡಳು. “ಯಾವ ಹೆಪ್ಪಿನ ಬದಲಿಗೆ ಈ ಮೊಸರು? ನಾನು ಕೊಟ್ಟೇ ಇಲ್ಲ. ಇದನ್ನ ಇಸ್ಕೊಂಡ್ರೆ ಕೊಟ್ಟ ಹಾಗೆ ಆಗುತ್ತೆ.”

“ಹಂಗಾದ್ರೆ ಸುಮ್ನೆ ಇಟ್ಕೊಳ್ಳಿ.”

“ಸುಮ್ನೆ ಯಾಕೆ ಇಟ್ಕೊಳ್ಲಿ? ನಡಿ, ನಡಿ.”

ಆಮೇಲೆ ಹಬ್ಬಕ್ಕೆ ಒಯ್ದ, ಅವಳಿಗೆ ಜ್ವರ ಬಂದಾಗ ಒಯ್ದ. ಪ್ರತಿ ಸಲವೂ ಡಬ್ಬಿ ಬಾಗಿಲಿನಿಂದಲೇ ತಿರುಗಿತು. ಬರುವಾಗ ಬಸ್ಸಿನ ಕುಲುಕಾಟಕ್ಕೆ ಮೊಸರು ತುಳುಕಿ ಅವನ ಅಂಗಿ ಒದ್ದೆಯಾಗುತ್ತದೆ, ಪಕ್ಕದವರ ಜೊತೆ ಜಗಳವಾಗುತ್ತದೆ. ಚೌಡಮ್ಮನ ಋಣ ಹಾಗೇ ಇದೆ.