ಊರಿನ ಫೋನುಗಳೆಲ್ಲ ಒಂದೇ ಎಳೆಯಲ್ಲಿ

ಹೋದ ಶನಿವಾರ ಬೆಳಿಗ್ಗೆ ಆರೂವರೆಗೆ ಒಂದು ಜೆಸಿಬಿ ಇಡೀ ಊರಿನ ಬಾಯಿ ಕಟ್ಟಿಹಾಕಿತು. ನಾನು ಅಲ್ಲೇ ಇದ್ದೆ. ನನ್ನ ಬಾಯೂ ಕಟ್ಟಿತು. (ಅದೇ ದೊಡ್ಡ ಸುದ್ದಿ ಅನ್ನುತ್ತಾಳೆ ನನ್ನ ಹೆಂಡತಿ.)

ಊರು ಸೂಲಿಬೆಲೆ ಹತ್ತಿರ, ಏರ್‌ಪೋರ್ಟಿನಿಂದ ಹೆಚ್ಚು ದೂರವಿಲ್ಲ. ನನ್ನ ಅಕ್ಕ ಸರೋಜಳನ್ನು ಕೊಟ್ಟ ಊರು. ಅಕ್ಕ ಅಲ್ಲಿನ ಮಹಿಳಾ ಹಾಲಿನ ಡೈರಿಗೆ ಸೆಕ್ರೆಟರಿ. ಎರಡು ದಿನ ಇದ್ದು ಬರೋಣ ಅಂತ ಲ್ಯಾಪ್‌ಟಾಪ್ ಸಮೇತ ಹೋಗಿದ್ದೆ. ಲ್ಯಾಪ್‌ಟಾಪ್ ಯಾಕೆ ಅಂದರೆ, ನಾನು ಒಂದು ಮಹತ್ವದ ಕೆಲಸದಲ್ಲಿದ್ದೆ.

ನಿಮಗೂ ಗೊತ್ತಿರಲಿ. ಫೋನಿನ ಮಾತು, ಟಿವಿ, ವಿಡಿಯೊ, ಎಲ್ಲವೂ ಈಗ ಒಂದೇ ಇಂಟರ್ನೆಟ್ ಜಾಲದ ಮೇಲೆ ಓಡಾಡತೊಡಗಿವೆ. ಮಾತಿಗೊಂದು ತಂತಿ, ಟಿವಿಗೊಂದು ತಂತಿ ಅನ್ನುವ ಕಾಲ ಮುಗಿಯುತ್ತಿದೆ. ಈ ಹೊಸ ಜಾಲಕ್ಕೆ ನಿಯಮ ಹೇಗಿರಬೇಕು? ಜನ ಅಭಿಪ್ರಾಯ ಕಳಿಸಬಹುದು ಅಂತ ಸರ್ಕಾರ ಕೇಳಿತ್ತು. ನಮ್ಮನ್ನು ಯಾರಾದರೂ ಏನನ್ನಾದರೂ ಕೇಳುವುದೇ ಅಪರೂಪ. ನಾನು ಬಿಡುತ್ತೇನೆಯೇ? ಶುಕ್ರವಾರ ಸಂಜೆ ಅಕ್ಕನ ಜಗಲಿಯಲ್ಲಿ ಕೂತು ಎರಡು ಪುಟ ಬರೆದೇಬಿಟ್ಟೆ. ಸ್ಪೀಡ್ ಎಷ್ಟಿರಬೇಕು, ಆ್ಯಪ್ ಮೂಲಕ ಮಾಡುವ ಕರೆಗೆ ಯಾವ ಕಾನೂನು, ನಮ್ಮ ಮಾತಿನ ಗುಟ್ಟು ಕಾಯುವವರು ಯಾರು, ಎಲ್ಲ ಇತ್ತು. ಬರೆಯುತ್ತ ಬರೆಯುತ್ತ ಮೈಮೇಲೆ ಬಂದ ಹಾಗೆ ಆಗಿತ್ತು.

ಬೆಳಿಗ್ಗೆ ಕಳಿಸೋಣ ಅಂತ ಮಲಗಿದೆ.

ಬೆಳಿಗ್ಗೆ ಎದ್ದರೆ ಅಕ್ಕ ಕೊಟ್ಟಿಗೆಯಲ್ಲಿದ್ದಳು. ಅವಳ ಹಸು ಗೌರಿಗೆ ಮೊದಲನೇ ಸೂಲು. ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಕರುವಿನ ಒಂದು ಕಾಲು ಹೊರಗೆ ಕಾಣುತ್ತಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಗೌರಿ ತಿಣುಕಿ ತಿಣುಕಿ ಸುಸ್ತಾಗಿ ಮಲಗಿಬಿಟ್ಟಿದ್ದಳು. ಅಕ್ಕ ನನ್ನನ್ನು ಕಂಡವಳೇ ಕೂಗಿದಳು.

"ಡಾಕ್ಟ್ರಿಗೆ ಫೋನ್ ಮಾಡೋ. ನಂದು ಹೋಗ್ತಾನೇ ಇಲ್ಲ."

ಮಾಡಿದೆ. ಸಿಗ್ನಲ್ ಇಲ್ಲ. ನನ್ನ ಬಳಿ ಎರಡು ಕಂಪನಿಯ ಸಿಮ್ ಇದೆ. ಇನ್ನೊಂದನ್ನು ನೋಡಿದೆ. ಅದೂ ಸತ್ತಿತ್ತು. ಮನೆ ಪಕ್ಕದ ಡೈರಿಗೆ ಓಡಿ ಅಲ್ಲಿನ ಫೋನ್ ಎತ್ತಿದೆ. ಹಳೇ ತಾಮ್ರದ ತಂತಿ ಕಿತ್ತು ಫೈಬರ್ ಹಾಕಿದ ಹೊಸ ಫೋನು ಅದು. ಅದರಲ್ಲೂ ಸದ್ದಿಲ್ಲ. ತುರ್ತು ನಂಬರ್ ಒತ್ತಿದರೂ ಅಷ್ಟೇ. ಊರ ಹೊರಗೆ ಪೈಪ್‌ಲೈನಿಗೆ ಅಗೆಯುತ್ತಿದ್ದ ಜೆಸಿಬಿ ಫೈಬರ್ ಕೇಬಲ್ಲನ್ನೇ ಎತ್ತಿಬಿಟ್ಟಿದೆ ಅಂತ ಹಾಲು ಹಾಕಲು ಬಂದವರು ಹೇಳಿದರು.

ಒಂದು ಕೇಬಲ್ ಹೋದರೆ ಎಲ್ಲ ಹೋಗುತ್ತದೆಯೇ? ಹೋಗುತ್ತದೆ. ದೂರು ಕೊಡೋಣ ಅಂದರೆ ಅದಕ್ಕೂ ಆ್ಯಪ್. (ಫೋನ್ ಕೆಟ್ಟಿದೆ ಅಂತ ಹೇಳಲು ಫೋನ್ ಚೆನ್ನಾಗಿರಬೇಕು.)

ಬೈಕ್ ಹತ್ತಿ ಡಾಕ್ಟರನ್ನು ಕರೆದು ತರಬಹುದಲ್ಲ ಅಂತೀರಾ? ಎಲ್ಲಿಂದ? ದನದ ಡಾಕ್ಟರು ಬೆಳಗಾದರೆ ಹಳ್ಳಿ ಹಳ್ಳಿ ತಿರುಗುತ್ತಾರೆ. ಅವರು ಯಾವ ಊರಿನ ಯಾವ ಕೊಟ್ಟಿಗೆಯಲ್ಲಿದ್ದಾರೆ ಅನ್ನುವುದನ್ನು ಹೇಳಬೇಕಾದ್ದೇ ಫೋನು.

ಅಷ್ಟರಲ್ಲಿ ಹಾಲಿನ ಕ್ಯಾನ್ ಒಯ್ಯುವ ಲಾರಿ ಬಂತು. ಅಕ್ಕ ಕೊಟ್ಟಿಗೆಯಿಂದಲೇ ಓಡಿಬಂದು ಡ್ರೈವರ್ ಅಮ್ಜದ್‌ನನ್ನು ನಿಲ್ಲಿಸಿದಳು.

"ಅಮ್ಜದ್, ದಾರೀಲಿ ಡಾಕ್ಟ್ರನ್ನ ಎಲ್ಲಾದ್ರೂ ನೋಡಿದ್ಯೇನಪ್ಪಾ?"

"ಹಿಂದ್ಲ ಊರ್ ಡೈರಿ ಮುಂದೆ ಅವ್ರ ಬೈಕ್ ನಿಂತೈತಲ್ಲಕ್ಕ. ಈಗ್ತಾನೆ ನೋಡ್ಕಂಡ್ ಬಂದೆ. ಯಾಕೆ?"

ಅಕ್ಕ ಉತ್ತರ ಕೊಡುವ ಮೊದಲೇ ನಾನು ಬೈಕ್ ಕಿಕ್ ಹೊಡೆದಿದ್ದೆ.

ಡಾಕ್ಟರು ಸಿಕ್ಕರು. ಟೀ ಲೋಟ ಕೆಳಗಿಟ್ಟು ಹಾಗೇ ಹೊರಟರು. ಅಕ್ಕನ ಕೊಟ್ಟಿಗೆಯಲ್ಲಿ ತೋಳಿಗೆ ಸೋಪು ಹಚ್ಚಿಕೊಂಡು ಒಳಗೆ ಕೈ ಹಾಕಿ, ಮಡಚಿದ ಕಾಲನ್ನು ಮೆಲ್ಲಗೆ ಬಿಡಿಸಿದರು. ಆಮೇಲೆ ನಾವು ಮೂರೂ ಜನ ಸೇರಿ ಎಳೆದೆವು. ಕರು ಹೊರಗೆ ಬಿತ್ತು. ಒಂದು ಕ್ಷಣ ಅಲುಗಾಡಲಿಲ್ಲ. ಡಾಕ್ಟರು ಮೂಗಿನ ಲೋಳೆ ತೆಗೆದು ಎದೆ ತಿಕ್ಕಿದರು. ಅದು ಸೀನಿತು! ಆ ಸೀನಿನ ಖುಷಿಯನ್ನು ಹೇಗೆ ಬರೆಯಲಿ? ಸಗಣಿ ಮೆತ್ತಿದ ಪ್ಯಾಂಟಿನಲ್ಲೇ ಅಕ್ಕನನ್ನು ತಬ್ಬಿಕೊಂಡೆ.

"ಇನ್ನರ್ಧ ಗಂಟೆ ತಡ ಆಗಿದ್ರೆ ಎರಡೂ ಉಳಿಯೋದು ಕಷ್ಟ ಇತ್ತಮ್ಮ" ಅಂದರು ಡಾಕ್ಟರು.

ಮಧ್ಯಾಹ್ನ ಜೆಸಿಬಿ ಅಗೆದ ಜಾಗಕ್ಕೆ ಹೋದೆವು. ಲೈನ್‌ಮ್ಯಾನ್ ಒಬ್ಬ ಗುಂಡಿಯ ಪಕ್ಕ ಕೂತು, ಕೂದಲಿನಷ್ಟು ಸಣ್ಣ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ನನಗೆ ಇಂಥದ್ದನ್ನು ನೋಡಿದರೆ ಹಬ್ಬ. ಅಷ್ಟು ತೆಳು ಎಳೆಯಲ್ಲಿ ಒಂದು ಊರಿನ ಮಾತೆಲ್ಲ ಹೋಗುತ್ತದೆ ಅಂದರೆ ಸಾಮಾನ್ಯವೇ? ಬಾಯಿಬಿಟ್ಟು ನೋಡುತ್ತಿದ್ದೆ.

ಅಕ್ಕ ಕೇಳಿದಳು, "ಅಲ್ಲಪ್ಪಾ, ಎರಡು ಕಂಪನಿ ಸಿಮ್ಮೂ ಒಟ್ಟಿಗೇ ಹೆಂಗೆ ಹೋಯ್ತು?"

"ಇಬ್ರ ಟವರ್‌ಗೂ ಇದೇ ಕೇಬಲ್ ಅಮ್ಮ. ಡೈರಿ ಫೋನೂ ಇದ್ರ ಮೇಲೇನೇ."

"ಏರ್‌ಪೋರ್ಟ್ ಕಡೆ ಹಿಂಗೆ ಕಡಿದ್ರೂ ಇಷ್ಟೊತ್ತು ಹಿಡಿಯುತ್ತಾ?"

ಅವನು ನಕ್ಕ. "ಅಲ್ಲಿ ಕಡಿದ್ರೂ ನಿಲ್ಲಲ್ಲಮ್ಮ. ಎರಡು ದಾರೀಲಿ ಕೇಬಲ್ ಹೋಗೈತೆ. ಇದು ಹೋದ್ರೆ ಅದ್ರಲ್ಲಿ ಹರಿಯುತ್ತೆ. ಇಲ್ಲಿಗೆ ಒಂದೇ ದಾರಿ."

ಹತ್ತಿರದಲ್ಲೇ ವಿಮಾನವೊಂದು ಇಳಿಯುತ್ತಿತ್ತು. ಅಕ್ಕ ತಲೆ ಎತ್ತಿ ನೋಡಲೂ ಇಲ್ಲ. ಆ ಊರಿನವರಿಗೆ ವಿಮಾನ ದಿನಾ ಕಾಣುವ ಕಾಗೆಯ ಹಾಗೆ.

ಸಂಜೆ ಹೊತ್ತಿಗೆ ನೆಟ್ ಬಂತು. ನನ್ನ ಎರಡು ಪುಟ ಕಳಿಸುವ ಮುಂಚೆ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹೊಗಳಲಿ ಅನ್ನುವ ಆಸೆ, ಸುಳ್ಳು ಯಾಕೆ ಹೇಳಲಿ. ಅವಳು ಗಮನವಿಟ್ಟು ಕೇಳಿದಳು.

"ಚೆನ್ನಾಗೈತೆ ಕಣೋ. ನಮ್ಗೆ ಎರಡನೇ ದಾರಿ ಯಾವ ಪುಟದಲ್ಲಿ ಬರುತ್ತೆ?"

ಯಾವ ಪುಟದಲ್ಲೂ ಇರಲಿಲ್ಲ. ವಿಡಿಯೊ ಎಷ್ಟು ಸರಾಗವಾಗಿ ಓಡಬೇಕು ಅಂತ ಅರ್ಧ ಪುಟ ಕೊರೆದಿದ್ದೆ. ಜಾಲ ಕಡಿದುಬಿದ್ದರೆ ಒಂದು ಊರು ಯಾರನ್ನು ಕೂಗಬೇಕು ಅಂತ ಒಂದು ಸಾಲೂ ಬರೆದಿರಲಿಲ್ಲ. ನಾಚಿಕೆಯಾಯಿತು. ಎರಡೂ ಪುಟ ಅಳಿಸಿದೆ.

"ನೀನೇ ಹೇಳು, ಬರ್ಕೋತೀನಿ" ಅಂದೆ.

"ಏರ್‌ಪೋರ್ಟಿಂದು ಕಿತ್ಕೊಳ್ಳಿ ಅಂತ ಬರೀಬೇಡ ಮತ್ತೆ. ಅಲ್ಲಿಗೆ ಎರಡು ಬೇಕೇ ಬೇಕು. ನಮ್ಗೂ ಇನ್ನೊಂದು ಹಾಕ್ಲೇಬೇಕು ಅಂತ ರೂಲ್ಸ್ ಮಾಡಿ ಅಂತ ಬರಿ. ಕಡಿದ್ರೆ ಎಷ್ಟು ಗಂಟೆಯೊಳ್ಗೆ ಜೋಡಿಸ್ಬೇಕು ಅನ್ನೋದೂ ಅದ್ರಲ್ಲೇ ಇರ್ಲಿ."

ಆರೇಳು ಸಾಲಾಯಿತು. ಕೆಳಗೆ ಅಕ್ಕನ ಹೆಸರು, ಡೈರಿಯ ಹೆಸರು ಹಾಕಿ ಕಳಿಸಿದೆ. ಈಚೆಗೆ ಇಷ್ಟು ಉತ್ಸಾಹದಿಂದ ನಾನು ಯಾವುದನ್ನೂ ಬರೆದಿಲ್ಲ, ಈ ಅಂಕಣವನ್ನೂ ಸೇರಿಸಿ.

ಈಗ ನಿಮ್ಮನ್ನೇ ಕೇಳುತ್ತೇನೆ. ಸ್ಪೀಡ್ ಎಷ್ಟು ಅಂತ ಹೋದಲ್ಲೆಲ್ಲ ವಿಚಾರಿಸುವ ನಾವು, ನಿಂತುಹೋದರೆ ಗತಿ ಏನು ಅಂತ ಒಂದು ದಿನವಾದರೂ ಕೇಳಿದ್ದೇವೆಯೇ?