ಕಡೆಯ ಸಾಲಿನ ಬೊಟ್ಟು

ಕೆಲಸಕ್ಕೆ ಸೇರಿದ ಮೂರನೇ ದಿನವೇ ಭಾರ್ಗವ್ ಒಂದು ಖಾಲಿ ಶೀಶೆಯನ್ನು ತೊಳೆದಿಟ್ಟ. ಕಿರುಬೆರಳಿನಷ್ಟು ಪ್ಲಾಸ್ಟಿಕ್ ಶೀಶೆ. ಬಂದದ್ದು ಮಾತ್ರ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಐಸ್ ಪ್ಯಾಕುಗಳ ನಡುವೆ, ಮದುವಣಗಿತ್ತಿಯಂತೆ. ಬೆಳಕಿಗೆ ಹಿಡಿದ, ಅಲುಗಾಡಿಸಿದ, ಕಿವಿಯ ಹತ್ತಿರವೂ ಹಿಡಿದು ನೋಡಿದ. ಏನೂ ಇಲ್ಲ. ಕಂಪನಿಗೆ ಫೋನ್ ಮಾಡಿ, "ಏನ್ರೀ, ಖಾಲಿ ಬಾಟ್ಲಿ ಕಳಿಸೀರಿ? ಹೊಸಪೇಟಿ ಮಂದಿ ಅಂದ್ರ ಏನಂತ ತಿಳಕೊಂಡೀರಿ?" ಎಂದು ದಬಾಯಿಸಿದ. ಆಮೇಲೆ, ಅಜ್ಜಿಗೆ ಪಚ್ಚಕರ್ಪೂರ ಹಾಕಿಡಲು ಆದೀತೆಂದು ಶೀಶೆಯನ್ನು ನಲ್ಲಿಗೆ ಹಿಡಿದು ಎರಡೆರಡು ಸಲ ತೊಳೆದ.

ಶೀಶೆ ಖಾಲಿ ಇರಲಿಲ್ಲ. ಮುಚ್ಚಳದ ಒಳಗೆ ಎರಡು ಹನಿ ಅಂಟಿಕೊಂಡಿತ್ತು. ಆ ಎರಡು ಹನಿಯಲ್ಲಿದ್ದದ್ದು ಹಕ್ಕಿಜ್ವರದ ವೈರಸ್ಸನ್ನು ಹಿಡಿಯುವ ಆಂಟಿಬಾಡಿ. ವರ್ಷವಿಡೀ ಪರೀಕ್ಷೆಗಳನ್ನು ತಾಳೆ ನೋಡಲು ತರಿಸಿದ್ದು. ಹೊಸಪೇಟೆಯ ಚಿತ್ತವಾಡ್ಗಿಯ ಒಂದು ಬಾಡಿಗೆ ಮಹಡಿಯಲ್ಲಿ ಆ ಪುಟ್ಟ ಲ್ಯಾಬನ್ನು ನಡೆಸುತ್ತಿದ್ದ ಡಾಕ್ಟರ್ ಶ್ರೀಲಕ್ಷ್ಮೀ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಆಂಟಿಬಾಡಿ ಕಣ್ಣಿಗೆ ಕಾಣೋದಿಲ್ಲ ಭಾರ್ಗವ್. ಅದನ್ನ ಕಾಣಿಸಬೇಕಂದ್ರೆ ಕೋಳಿ ರಕ್ತ ಬೇಕು. ನಾಳೆ ತೋರಣಗಲ್ಲಿನ ಹತ್ರ ವಡ್ಡು ಅನ್ನೋ ಊರಿಗೆ ಹೋಗಿ ಹೊಳೆಮ್ಮನ್ನ ನೋಡ್ರಿ," ಎಂದರು.

ಬೆಳ್ಳುಳ್ಳಿಯೂ ಹೊಸ್ತಿಲು ದಾಟದ ವೈಷ್ಣವರ ಮನೆಯ ಹುಡುಗ, ಎಂ.ಎಸ್ಸಿ. ಮುಗಿಸಿ, ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಕೋಳಿ ರಕ್ತ ಹೊರುವವನಾದದ್ದು ಹೀಗೆ.

ಹೊಳೆಮ್ಮನಿಗೆ ಐವತ್ತೈದರ ಆಸುಪಾಸು. ಹರೆಯವನ್ನೆಲ್ಲ ಸಂಡೂರಿನ ಗಣಿಗಳಲ್ಲಿ ಅದಿರು ಆರಿಸುವುದರಲ್ಲಿ ಕಳೆದವಳು. ಗಣಿ ನಿಂತಾಗ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಊರು ಬಿಟ್ಟರು. ಇವಳು ನಾಲ್ಕು ನಾಟಿ ಕೋಳಿ ತಂದಳು. ಈಗ ಇಪ್ಪತ್ತೊಂದು. ಕಾರ್ಖಾನೆಯವರು ಬಿಸಾಕಿದ ಕನ್ವೇಯರ್ ಬೆಲ್ಟನ್ನು ಗೂಡಿಗೆ ಚಾವಣಿಯಾಗಿ ಹೊದಿಸಿದ್ದಳು. ಹೊರಗಿನ ಕೋಳಿ ಒಂದನ್ನೂ ಒಳಗೆ ಬಿಡಳು. ಬಂದವರು ಯಾರೇ ಇರಲಿ, ಕಾಲು ತೊಳೆದೇ ಗೂಡಿನ ಹತ್ತಿರ ಬರಬೇಕು. ಭಾರ್ಗವನ ಅಜ್ಜಿ ಭೀಮಾಬಾಯಿಯ ಮಡಿಯೂ ಇಷ್ಟು ಬಿಗಿಯಿರಲಿಲ್ಲ. ಜಡ್ಡು ಸೋಕದ ಕೋಳಿ ಬೇಕೆಂದು ಹುಡುಕಿ ಹುಡುಕಿ ಶ್ರೀಲಕ್ಷ್ಮೀ ಕೊನೆಗೆ ಬಂದು ನಿಂತದ್ದು ಈ ಗೂಡಿನ ಮುಂದೆಯೇ.

ರಕ್ತ ಕೊಡುವ ಹುಂಜಕ್ಕೆ ಹೊಳೆಮ್ಮ ಇಟ್ಟ ಹೆಸರು ಸೂಪರ್‌ವೈಜರ್. "ಕೆಲಸ ಮಾಡಂಗಿಲ್ಲ, ಮುಂಜಾನಿಂದ ಒದರೂದೊಂದ," ಎಂದು ಕಾರಣ ಕೊಟ್ಟಿದ್ದಳು. ಅದನ್ನು ಕಂಕುಳಲ್ಲಿ ಇರುಕಿ, ಸೆರಗಿನಿಂದ ಅದರ ಕಣ್ಣು ಮುಚ್ಚಿ, ರೆಕ್ಕೆ ಬಿಡಿಸಿ ಹಿಡಿಯುತ್ತಿದ್ದಳು. ಭಾರ್ಗವ್ ರೆಕ್ಕೆಯ ನರಕ್ಕೆ ಸೂಜಿ ಹಾಕಬೇಕು. ಮೊದಲ ಸಲ ಅವನೇ ಕಣ್ಣು ಮುಚ್ಚಿಕೊಂಡ.

"ಆಚಾರ್ರ, ಸೂಜಿ ಕೋಳಿಗ್ರಿ. ನಿಮ್ಮ ಕಣ್ಣಿಗೂ ಸೆರಗು ಕಟ್ಲೇನು?"

"ಬ್ಯಾಡಕ್ಕಾ. ಅಭ್ಯಾಸ ಆಗ್ತೈತಿ."

"ಅದಕ್ಕ ಆಗೇತಿ, ನಿಮಗ ಯಾವಾಗ?"

ಒಮ್ಮೆ ಶ್ರೀಲಕ್ಷ್ಮೀ ಅವಳನ್ನು ಲ್ಯಾಬಿಗೇ ಕರೆಸಿದರು. ತೊಂಬತ್ತಾರು ಗುಳಿಗಳ ಪ್ಲೇಟನ್ನು ಮುಂದಿಟ್ಟು ವಿವರಿಸಿದರು. ಕೊಂದು ಕಳಿಸಿದ ವೈರಸ್ಸನ್ನು ಗುಳಿಗೆ ಹಾಕುತ್ತೇವೆ. ಸತ್ತರೂ ಅದರ ಬುದ್ಧಿ ಹೋಗುವುದಿಲ್ಲ, ಸೂಪರ್‌ವೈಜರನ ರಕ್ತಕಣಗಳನ್ನು ಒಂದಕ್ಕೊಂದು ಹೆಣೆದು ಜಮಖಾನದಂತೆ ಹಾಸಿಬಿಡುತ್ತದೆ. ಪರೀಕ್ಷೆಗೆ ಬಂದ ಕೋಳಿಯ ರಕ್ತದ ತಿಳಿಯಲ್ಲಿ ಆಂಟಿಬಾಡಿ ಇದ್ದರೆ ಅದು ಮೊದಲೇ ಹೋಗಿ ವೈರಸ್ಸಿನ ಕೈ ಹಿಡಿದುಕೊಳ್ಳುತ್ತದೆ. ಆಗ ಹೆಣೆಯುವವರಿಲ್ಲದೆ ರಕ್ತಕಣ ಜಾರಿ ತಳದಲ್ಲಿ ಕೆಂಪಗೆ ಕೂರುತ್ತದೆ.

"ಕುಂಕುಮದ ಬೊಟ್ಟು ಇಟ್ಟಂಗ," ಎಂದಳು ಹೊಳೆಮ್ಮ. "ಬೊಟ್ಟು ಬಂದ್ರ ಆ ಕೋಳಿಗೆ ಜಡ್ಡು ಬಂದು ಹೋಗೇತಿ. ಹರಡಿದ್ರ ಬಂದಿಲ್ಲ. ಹೌದಲ್ರಿ?"

"ಎಂ.ಎಸ್ಸಿ.ಯವರಿಗೆ ಒಂದು ವಾರ ಬೇಕಾಯ್ತು," ಎಂದರು ಶ್ರೀಲಕ್ಷ್ಮೀ, ಯಾರ ಕಡೆಗೂ ನೋಡದೆ. ಕಡೆಯ ಸಾಲಿನ ಬಗ್ಗೆಯೂ ಏನೋ ಹೇಳಿದರು. ಎಂ.ಎಸ್ಸಿ.ಯವನು ಆಗ ಫೋನಿನಲ್ಲಿ ಸ್ಕೋರ್ ನೋಡುತ್ತಿದ್ದ.

ಹತ್ತು ತಿಂಗಳಾಯಿತು. ಗುತ್ತಿಗೆ ಮುಂದುವರಿಯಬೇಕಾದ ಹೊತ್ತಿಗೆ ಕಂಪ್ಲಿಯಿಂದ, ಕಡ್ಡಿರಾಂಪುರದಿಂದ ಬಂದ ಕೋಳಿಗಳ ಮಾದರಿಗಳೊಂದಿಗೆ ಹೊಳೆಮ್ಮನ ಕೋಳಿಗಳದನ್ನೂ ಪರೀಕ್ಷಿಸಬೇಕಿತ್ತು. ಆ ದಿನ ಏಕಾದಶಿ.

"ಭಾರ್ಗೂ, ಇವತ್ತೊಂದು ದಿನ ರಕ್ತಾ ಮುಟ್ಟಬ್ಯಾಡೋ," ಎಂದಿದ್ದಳು ಭೀಮಾಬಾಯಿ. ಅವನು ಮುಟ್ಟಲಿಲ್ಲ. ಎರಡು ಜೊತೆ ಗ್ಲೌಸು ಹಾಕಿಕೊಂಡ, ಮುಟ್ಟಿದ್ದು ಗ್ಲೌಸು. ದೇವರಿಗೂ ಅಜ್ಜಿಗೂ ಒಪ್ಪುವ ಈ ಉಪಾಯಕ್ಕೆ ತಾನೇ ತಲೆದೂಗಿದ. ಆದರೆ ಗುಟುಕು ನೀರೂ ಇಲ್ಲದ ಹೊಟ್ಟೆಗೆ ಮಧ್ಯಾಹ್ನದ ಹೊತ್ತಿಗೆ ಪ್ಲೇಟು ಪಡ್ಡಿನ ಹಂಚಿನಂತೆ ಕಾಣತೊಡಗಿತು. ಗುಳಿಗೊಂದು ಪಡ್ಡು, ಪಕ್ಕದಲ್ಲಿ ಕೆಂಪು ಚಟ್ನಿ. ಫಾರಂನಲ್ಲಿ 'ಕಡೆಯ ಸಾಲು ಸರಿಯಿದೆ' ಎಂಬಲ್ಲಿ ಟಿಕ್ ಹಾಕುವುದಂತೂ ಅವನಿಗೆ ಸಹಿ ಮಾಡಿದಷ್ಟು ಸಲೀಸು. ಪ್ಲೇಟು ನೋಡುವ ಮುಂಚೆಯೇ ಹಾಕಿಬಿಡುತ್ತಿದ್ದ.

ಮುಕ್ಕಾಲು ಗಂಟೆಯ ಮೇಲೆ ಬಗ್ಗಿ ನೋಡಿದರೆ ಎಲ್ಲ ಗುಳಿಯಲ್ಲೂ ಬೊಟ್ಟು. ಕಂಪ್ಲಿಯಿಂದ ವಡ್ಡಿನವರೆಗೆ ಒಂದು ಕೋಳಿಯೂ ಬಿಡದಂತೆ ಜ್ವರ ಬಂದು ಹೋಗಿದೆ! ಕಂಡುಹಿಡಿದವನು ಭಾರ್ಗವ್! ಅವನ ಮನಸ್ಸಿನಲ್ಲಿ ಗುತ್ತಿಗೆ ಮುಂದುವರಿದು, ಪೇಪರಿನಲ್ಲಿ ಫೋಟೋ ಬಂದು, ಫೋಟೋಗೆ ಯಾವ ಅಂಗಿ ಎಂಬ ತೀರ್ಮಾನವೂ ಆಯಿತು. ಬಳ್ಳಾರಿಯಲ್ಲಿ ಮೀಟಿಂಗಿನಲ್ಲಿದ್ದ ಶ್ರೀಲಕ್ಷ್ಮೀಗೆ 'ಎಲ್ಲಾ ಪಾಸಿಟಿವ್' ಎಂದು ಮೆಸೇಜ್ ಹಾಕಿದ. ಉತ್ತರ ಬಂತು: 'ಯಾರಿಗೂ ಹೇಳಬೇಡಿ. ನಾಳೆ ಬೆಳಿಗ್ಗೆ ಹೊಳೆಮ್ಮನ ಕೋಳಿಗಳ ರಕ್ತ ಮತ್ತೆ ತಂದು ಮಾಡಿ. ಹಾಗೇ ಬಂದರೆ ಸಂಜೆ ಪಶುಸಂಗೋಪನಾ ಇಲಾಖೆಗೆ ತಿಳಿಸಲೇಬೇಕು.'

ಇಲಾಖೆಗೆ ತಿಳಿಸುವುದು ಎಂದರೇನೆಂದು ಅವನಿಗೆ ಗೊತ್ತಿತ್ತು. ಮತ್ತೆ ಪರೀಕ್ಷೆ, ಊರಿಗೆ ಬಿಳಿ ಉಡುಪಿನವರು, ಕೊನೆಗೆ ಇಪ್ಪತ್ತೊಂದು ಕೋಳಿಗೂ ಒಂದೇ ಗುಂಡಿ ಆದರೂ ಆಗಬಹುದು. ಫೋಟೋದ ಅಂಗಿ ತಟ್ಟನೆ ಮರೆತುಹೋಯಿತು.

ಮರುದಿನ ಬೆಳಿಗ್ಗೆ ದ್ವಾದಶಿಯ ಪಾರಣೆಯ ಊಟ ಮುಗಿಸಿ ಬೈಕಿನಲ್ಲಿ ವಡ್ಡು ತಲುಪಿದ. ಯಾರಿಗೂ ಹೇಳಬಾರದೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದವನು ಕಾಲು ತೊಳೆಯುತ್ತಲೇ ಹೇಳಿಬಿಟ್ಟ.

ಹೊಳೆಮ್ಮ ಕೈಯಲ್ಲಿದ್ದ ನುಚ್ಚನ್ನು ಹಾಗೇ ಹಿಡಿದುಕೊಂಡು ನಿಂತಳು. "ಎಲ್ಲಾಕ್ಕೂ ಬಂದೈತಾ?"

"ಎಲ್ಲಾಕ್ಕೂ ಅಕ್ಕಾ."

"ಒಂದ ಒಂದೂ ತೂಕಡಿಸಿಲ್ಲ, ಒಂದ ತತ್ತಿ ಕಮ್ಮಿ ಆಗಿಲ್ಲ. ಫೋಟೋ ಹೊಡ್ದೀರೇನು? ತೋರಿಸ್ರಿ."

ಫೋನನ್ನು ಸೆರಗಿನ ನೆರಳಿಗೆ ಹಿಡಿದು ನೋಡಿದಳು. ಬೆರಳಿಂದ ದೊಡ್ಡದು ಮಾಡಿದಳು. ಸೂಪರ್‌ವೈಜರ್ ಗೂಡಿನ ಮೇಲೆ ನಿಂತು ಒದರಿತು.

"ಈ ಕಡೀ ಸಾಲ್ನ್ಯಾಗ ಯಾವ ಕೋಳಿದು ಹಾಕೀರಿ?"

"ಅದರಾಗ ಯಾವ ಕೋಳಿದೂ ಹಾಕಂಗಿಲ್ಲಕ್ಕಾ. ಬರೇ ವೈರಸ್ಸು, ಸೂಪರ್‌ವೈಜರನ ರಕ್ತ. ಅಲ್ಲೆ ಬೊಟ್ಟು ಬರ..." ಭಾರ್ಗವನ ಮಾತು ಅಲ್ಲಿಗೇ ನಿಂತಿತು.

"ಅಲ್ಲೆ ಬೊಟ್ಟು ಬರಬಾರ್ದು. ಬಂದ್ರ ಪರೀಕ್ಷಾನ ಸುಳ್ಳು. ಮೇಡಂ ಅವತ್ತ ಹೇಳಿದ್ರಲ್ಲ, ನೀವು ಫೋನ್ ನೋಡ್ಕೋಂತ ಕುಂತಿದ್ರಿ. ಇಲ್ಲಿ ಎಂಟಕ್ಕೆಂಟೂ ಬೊಟ್ಟು ಅದಾವು. ವೈರಸ್ ಹಾಕಿದ್ರಿಲ್ಲೋ?"

ಅವನಿಗೆ ಫ್ರಿಜ್ಜಿನ ಬಾಗಿಲು ನೆನಪಾಯಿತು. ಬಾಗಿಲಿನ ಅರೆಯಲ್ಲಿ ಹೊಸ ವೈರಸ್ ಶೀಶೆ. ಶೀಶೆಯ ಮೇಲೆ ಸೀಲು. ಆ ಸೀಲನ್ನು ಅವನು ಒಡೆದೇ ಇರಲಿಲ್ಲ. ಮೊದಲನೇ ವಾರ ಇದ್ದದ್ದನ್ನು ಇಲ್ಲವೆಂದು ತೊಳೆದವನು, ಹತ್ತನೇ ತಿಂಗಳು ಇಲ್ಲದ್ದನ್ನು ಇದೆಯೆಂದು ಊರಿಗೆಲ್ಲ ಜ್ವರ ಹಂಚಿದ್ದ.

"ನಿನ್ನೆ ಉಪವಾಸ ಇತ್ತಕ್ಕಾ," ಎಂದ.

"ನನ್ನ ಕೋಳಿ ಕೇಳಿದ್ವೇನು ಉಪವಾಸ ಮಾಡು ಅಂತ?" ನುಚ್ಚು ಚೆಲ್ಲಿ ಕೈ ಝಾಡಿಸಿಕೊಂಡಳು. "ತಗೋರಿ ರಕ್ತ, ಇಪ್ಪತ್ತೊಂದರದೂ. ಈ ಸಲ ನಾನೂ ಬರ್ತೀನಿ."

ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದಿನ ಸೀಟಿನಲ್ಲಿ ಕುಳಿತಳು. ತೋರಣಗಲ್ಲಿನಿಂದ ಹೊಸಪೇಟೆಯವರೆಗೆ ಒಂದೇ ಒಂದು ಮಾತು: "ಜಲ್ದಿ ಬ್ಯಾಡ, ಸಾವಕಾಶ." ಲ್ಯಾಬಿನಲ್ಲಿ ಅವನು ರಕ್ತದ ತಿಳಿ ತೆಗೆದು ಗುಳಿಗಳಿಗೆ ಹಾಕುವ ತನಕ ಬಾಗಿಲಲ್ಲೇ ಕುಳಿತಿದ್ದಳು. ಸೀಲು ಒಡೆಯುವಾಗ ಎದ್ದು ಬಂದು ನೋಡಿದಳು. ವೈರಸ್ಸು ಬಿದ್ದ ಗುಳಿಗಳನ್ನು ಒಂದೊಂದಾಗಿ ಎಣಿಸಿದಳು. ಕೊನೆಗೆ ಸೂಪರ್‌ವೈಜರನ ರಕ್ತ ಹಾಕಿ ಇಬ್ಬರೂ ಪ್ಲೇಟಿನ ಎದುರು ಸ್ಟೂಲು ಹಾಕಿಕೊಂಡು ಮುಕ್ಕಾಲು ಗಂಟೆ ಕುಳಿತರು.

ತಾಳೆಗೆಂದು, ಆಮೇಲೆ ಮತ್ತೆ ತರಿಸಿದ್ದ ಆಂಟಿಬಾಡಿ ಹಾಕಿದ್ದ ಗುಳಿಗಳಲ್ಲಿ ಬೊಟ್ಟು ಕೂತಿತು. ಕಡೆಯ ಸಾಲು ಪೂರಾ ಹರಡಿತು. ವಡ್ಡಿನ ಇಪ್ಪತ್ತೊಂದು ಕೋಳಿಗಳದ್ದೂ ಹರಡಿಯೇ ಹರಡಿತು, ಒಂದು ಚುಕ್ಕೆಯೂ ಇಲ್ಲದಂತೆ. ಹೊಳೆಮ್ಮ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಭಾರ್ಗವ್ ನಿನ್ನೆಯ ಫಾರಂ ತೆಗೆದು, ತಾನೇ ಹಾಕಿದ್ದ ಟಿಕ್ಕನ್ನು ಹೊಡೆದುಹಾಕಿ, ಪಕ್ಕದಲ್ಲಿ 'ವೈರಸ್ ಹಾಕಿರಲಿಲ್ಲ' ಎಂದು ಬರೆದು ಸಹಿ ಮಾಡಿದ. ಗುತ್ತಿಗೆ ಮುಂದುವರಿಯಬೇಕಾದವನು ಬರೆಯುವ ವಾಕ್ಯವಲ್ಲ. ಶ್ರೀಲಕ್ಷ್ಮೀಗೆ ಅದರ ಫೋಟೋ ಕಳಿಸಿದ. ಅವರಿಂದ ಇನ್ನೂ ಉತ್ತರ ಬಂದಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಅವನಿಗೆ ಸುಮ್ಮನಿರಲಾಗಲಿಲ್ಲ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಜಡ್ಡು ನಿಜವಾಗ್ಲೂ ಬಂದಿದ್ರ, ಕೊಲ್ಲಾಕ ಕೋಳಿ ಕೊಡ್ತಿದ್ರೇನು?"

ಹೊಳೆಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

"ನಿಜ ಇದ್ದಿದ್ರ ಕೊಡ್ತಿದ್ನಿ. ನೀವು ಹೇಳಿದ್ರಿ ಅಂತ ಮಾತ್ರ ಒಂದು ಪುಕ್ಕಾನೂ ಕೊಡ್ತಿದ್ದಿಲ್ಲ."